ಮಾರ್ಗಸೂಚಿ ಬೆಲೆಯ ವಾದದಲ್ಲಿ ಉಡುಮಲೈಪೇಟೆಯ ಮನೆಗಳ ದನಿ

ಉಡುಮಲೈಪೇಟೆಯ ಸುತ್ತಿನ ದೇವಾಂಗ ನೇಕಾರರಲ್ಲಿಯೂ ಕನ್ನಡ ಮನೆಮಾತಿನ ಒಕ್ಕಲು ಕುಟುಂಬಗಳಲ್ಲಿಯೂ ಸ್ವಂತ ಮನೆಯೆಂದರೆ ಬಹುಮಟ್ಟಿಗೆ ಎರಡು ಮೂರು ಸೆಂಟ್ ನಿವೇಶನ ಕೊಂಡು, ಕೈಯಲ್ಲಿ ಹಣವಾದಂತೆ ಕಟ್ಟಿಸಿಕೊಳ್ಳುವ ಮನೆಯೇ ಆಗಿದೆ. ಆ ನಿವೇಶನದ ಕ್ರಯಪತ್ರ ನೋಂದಾಯಿಸುವ ದಿನ ಎಷ್ಟು ಹಣ ಕಟ್ಟಬೇಕೆಂಬುದು ಸರ್ಕಾರ ಪ್ರತಿ ಬೀದಿಗೂ ಸರ್ವೆ ನಂಬರಿಗೂ ಗೊತ್ತುಪಡಿಸಿರುವ ಮಾರ್ಗಸೂಚಿ ಬೆಲೆಯನ್ನು ಅವಲಂಬಿಸಿದೆ. ಈ ಬೆಲೆಯ ಕುರಿತು ತಮಿಳುನಾಡಿನಲ್ಲಿ ನಡೆದ ವಾದವೊಂದನ್ನು ನಮ್ಮ ಓದುಗ ಕುಟುಂಬಗಳು ತಿಳಿದಿರುವುದು ಒಳಿತೆಂದು ನಾವು ಭಾವಿಸುತ್ತೇವೆ.

2017ರ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರವು ಮಾರ್ಗಸೂಚಿ ಬೆಲೆಯನ್ನು ಶೇ. 33ರಷ್ಟು ಇಳಿಸಿ, ಕ್ರಯಪತ್ರದ ನೋಂದಣಿ ಶುಲ್ಕವನ್ನು ಶೇ. 1ರಿಂದ ಶೇ. 4ಕ್ಕೆ ಏರಿಸಿತು. 2023ರ ಏಪ್ರಿಲ್‌ನಲ್ಲಿ ಬೆಲೆಯನ್ನು ಮತ್ತೆ 2012ರ ಮಟ್ಟಕ್ಕೆ ಒಯ್ದು, ನೋಂದಣಿ ಶುಲ್ಕವನ್ನು ಶೇ. 2ಕ್ಕೆ ತಗ್ಗಿಸಿತು. ಮುದ್ರಾಂಕ ಶುಲ್ಕವು ಎರಡು ಸಲವೂ ಶೇ. 7 ಆಗಿಯೇ ಉಳಿಯಿತು. ಕೇಳುವವರಿಗೆ ಇದು ರಿಯಾಯಿತಿಯಂತೆ ತೋರಬಹುದು. ಲೆಕ್ಕ ಬೇರೆಯೇ ಹೇಳುತ್ತದೆ. 2012ರಲ್ಲಿ 9 ಲಕ್ಷ ರೂಪಾಯಿ ಮಾರ್ಗಸೂಚಿ ಬೆಲೆಯಿದ್ದ ನಿವೇಶನವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. 2017ರ ಇಳಿಕೆಯ ನಂತರ ಅದರ ಬೆಲೆ ಸುಮಾರು 6 ಲಕ್ಷ, ಅದಕ್ಕೆ ಶೇ. 11ರಂತೆ 66,000 ರೂಪಾಯಿ. 2023ರಲ್ಲಿ ಬೆಲೆ ಮತ್ತೆ 9 ಲಕ್ಷ, ಶೇ. 9ರಂತೆ 81,000 ರೂಪಾಯಿ. ಶುಲ್ಕದ ದರ ಇಳಿದರೂ ಕೊಳ್ಳುವವನ ಹೊರೆ 15,000 ರೂಪಾಯಿ ಏರಿತು.

ಈ ಏರಿಕೆಯನ್ನು ಪ್ರಶ್ನಿಸಿ ಮದರಾಸು ಉಚ್ಚ ನ್ಯಾಯಾಲಯಕ್ಕೆ ಹೋದದ್ದು ಕಟ್ಟಡ ನಿರ್ಮಾಣೋದ್ಯಮಿಗಳ ಒಕ್ಕೂಟವಾದ ಕ್ರೆಡಾಯ್. 1999ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ರಾಜ್ಯ ಘಟಕವೂ ಕೊಯಮತ್ತೂರಿನಲ್ಲಿ ಶಾಖೆಯೂ ಇವೆ. ಮಾರ್ಗಸೂಚಿ ಬೆಲೆಯನ್ನು ಪರಿಷ್ಕರಿಸಬೇಕಾದರೆ ಮೌಲ್ಯಮಾಪನ ಸಮಿತಿಗಳು ಕರಡು ಸಿದ್ಧಪಡಿಸಿ, ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಗಳನ್ನು ಆಲಿಸಬೇಕೆಂದು 2010ರ ನಿಯಮಗಳು ಹೇಳುತ್ತವೆ. 2023ರಲ್ಲಿ ಒಂದು ಸುತ್ತೋಲೆಯಿಂದಲೇ ಆ ಕೆಲಸ ಮುಗಿದಿತ್ತು. ನಿಯಮಿತ ಕ್ರಮ ಪಾಲಿಸದ ಆ ಸುತ್ತೋಲೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 2024ರ ಮಾರ್ಚ್‌ನಲ್ಲಿ ವಿಭಾಗೀಯ ಪೀಠವು, ಹೊಸ ಬೆಲೆ ಕ್ರಮಬದ್ಧವಾಗಿ ನಿಗದಿಯಾಗುವವರೆಗೆ 2017ರ ಬೆಲೆಯನ್ನೇ ಅನುಸರಿಸಬೇಕೆಂದಿತು. ತರುವಾಯ ಸರ್ಕಾರ ಕರಡು ಪ್ರಕಟಿಸಿ, 2024ರ ಜುಲೈ 1ರಿಂದ ಪರಿಷ್ಕೃತ ಬೆಲೆಯನ್ನು ಜಾರಿಗೆ ತಂದಿತು.

ಇಲ್ಲಿ ಗಮನಿಸತಕ್ಕದ್ದು ವಾದದ ಬಗೆ. ಬೆಲೆ ಹೆಚ್ಚಾಯಿತೆಂಬ ಅಳಲಿನಿಂದ ಒಕ್ಕೂಟ ಗೆಲ್ಲಲಿಲ್ಲ. ಜನರನ್ನು ಕೇಳಲಿಲ್ಲವೆಂಬ ಮಾತಿನಿಂದ ಗೆದ್ದಿತು. ಕೇಳಿಸಿಕೊಳ್ಳುವ ಆ ಹಕ್ಕು ಉದ್ಯಮಿಗಳಿಗೆಷ್ಟೋ ಎರಡು ಸೆಂಟ್ ಕೊಳ್ಳುವ ನೇಕಾರನಿಗೂ ಅಷ್ಟೇ ಇದೆ. ಆದರೆ ಒಕ್ಕೂಟಕ್ಕೆ ವಕೀಲರಿದ್ದಾರೆ, ಅಂಕಿಅಂಶಗಳಿವೆ, ಬಜೆಟ್ಟಿಗೆ ಮುನ್ನ ಮಂತ್ರಿಗಳಿಗೆ ಮನವಿ ಸಲ್ಲಿಸುವ ರೂಢಿಯಿದೆ. ನಮಗೆ ಅವು ಇಲ್ಲ.

ಒಕ್ಕೂಟ ಗೆದ್ದರೆ ನಮಗೂ ಲಾಭವಲ್ಲವೇ ಎಂದು ಕೆಲವರು ಕೇಳಬಹುದು. ಈ ಪ್ರಸಂಗದಲ್ಲಿ ನಿವೇಶನ ಕೊಳ್ಳುವವರಿಗೆ ಕೆಲಕಾಲವಾದರೂ ಲಾಭವಾದದ್ದು ನಿಜ. ಆದರೆ ಯಾವ ಸಂಘವೂ ತನ್ನ ಸದಸ್ಯರ ಸರಕಿನ ಪರವಾಗಿ ಮಾತನಾಡುವುದು ಸಹಜ. ಅದು ತಪ್ಪೂ ಅಲ್ಲ. ಶೇ. 1ರ ಜಿಎಸ್‌ಟಿ ದರಕ್ಕೆ ಅರ್ಹವಾಗುವ ಕೈಗೆಟುಕುವ ಮನೆಯ 45 ಲಕ್ಷ ರೂಪಾಯಿಯ ಮಿತಿಯನ್ನು ಏರಿಸಬೇಕೆಂಬುದು ಕ್ರೆಡಾಯ್‌ನ ಬಹುದಿನದ ಬೇಡಿಕೆ. ನಿರ್ಮಾಣ ಹಂತದ ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ ಅದು ದೊಡ್ಡ ವಿಷಯ. ಮೇಸ್ತ್ರಿಯನ್ನು ಹಿಡಿದು, ಸಿಮೆಂಟು ಕಬ್ಬಿಣಕ್ಕೆ ತೆರಿಗೆ ತೆತ್ತು, ತನ್ನ ಮನೆಯನ್ನು ತಾನೇ ಕಟ್ಟಿಸುವವನಿಗೆ ಅದರಿಂದ ಏನೂ ದೊರೆಯದು.

ನಮ್ಮೊಳಗೂ ಹಿತಗಳು ಒಂದೇ ಅಲ್ಲ. ನಿವೇಶನ ಕೊಳ್ಳುವ ನೇಕಾರನಿಗೆ ಮಾರ್ಗಸೂಚಿ ಬೆಲೆ ಕಡಿಮೆಯಿದ್ದರೆ ಅನುಕೂಲ. ರಸ್ತೆಗೋ ಕಾಲುವೆಗೋ ಭೂಮಿ ಬಿಡಬೇಕಾದ ರೈತನಿಗೆ ಹಾಗಲ್ಲ. 2013ರ ಭೂಸ್ವಾಧೀನ ಕಾಯ್ದೆಯ 26ನೆಯ ಕಲಮಿನಂತೆ ಪರಿಹಾರ ಲೆಕ್ಕಹಾಕುವಾಗ ಮುದ್ರಾಂಕಕ್ಕಾಗಿ ಗೊತ್ತುಪಡಿಸಿದ ಬೆಲೆಯೂ ಒಂದು ಆಧಾರ. ಬೆಲೆ ತೀರ ತಗ್ಗಿದ್ದರೆ ಅವನಿಗೆ ನಷ್ಟವಾಗಬಹುದು. ಒಂದೇ ಬೀದಿಯ ಈ ಎರಡು ಮನೆಗಳ ಕಷ್ಟವನ್ನು ಒಟ್ಟಿಗೆ ತೂಗಿ ಹೇಳುವ ಕೆಲಸ ನಿರ್ಮಾಣೋದ್ಯಮಿಗಳ ಒಕ್ಕೂಟದ್ದಲ್ಲ, ನಮ್ಮದು.

ಅದಕ್ಕೆ ದಾರಿಯಿದೆ. ಮಾರ್ಗಸೂಚಿ ಬೆಲೆಯನ್ನು ಬೀದಿ ಮತ್ತು ಸರ್ವೆ ನಂಬರಿನ ಪ್ರಕಾರ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಯಾರೂ ನೋಡಬಹುದು. ಮುಂದಿನ ಕರಡು ಪ್ರಕಟವಾದಾಗ ನೆರೆಹೊರೆಯ ಕ್ರಯಪತ್ರಗಳನ್ನು ಮುಂದಿಟ್ಟುಕೊಂಡು ಹೋಲಿಸಿ, ಹತ್ತಾರು ಮನೆಗಳವರು ಸೇರಿ ಅವಧಿಯೊಳಗೆ ಆಕ್ಷೇಪ ಸಲ್ಲಿಸಬಹುದು. ಭಾಷೆಯ ಅಂಜಿಕೆ ಬೇಡ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ನೀಡಿದೆ. ಕನ್ನಡದಲ್ಲಿ ಬರೆದು, ಕೆಲಸ ಬೇಗನೆ ಸಾಗಲೆಂದು ಅದರ ತಮಿಳು ಪ್ರತಿಯನ್ನೂ ಲಗತ್ತಿಸುವುದು ಜಾಣತನ. ಕನ್ನಡವನ್ನೂ ತಮಿಳನ್ನೂ ಓದಬಲ್ಲ ಮಕ್ಕಳು ಮನೆಯಲ್ಲಿದ್ದರೆ ಈ ಬರವಣಿಗೆಯಲ್ಲಿ ಅವರ ನೆರವನ್ನು ಪಡೆಯಬೇಕು.

ಇನ್ನೊಂದು ಮಾತು. 2025ರ ಏಪ್ರಿಲ್ 1ರಿಂದ, 10 ಲಕ್ಷ ರೂಪಾಯಿವರೆಗಿನ ಆಸ್ತಿಯನ್ನು ಮಹಿಳೆಯರ ಹೆಸರಿನಲ್ಲಿ ನೋಂದಾಯಿಸಿದರೆ ನೋಂದಣಿ ಶುಲ್ಕದಲ್ಲಿ ಶೇ. 1ರ ರಿಯಾಯಿತಿ ಇದೆ. ನಮ್ಮಂಥ ಮನೆಗಳ ಅಳತೆಗೆ ಹೊಂದುವ ರಿಯಾಯಿತಿ ಇದು. ಇಂಥವು ಇನ್ನೂ ಬರಬೇಕಾದರೆ, ನಮ್ಮ ಮನೆ ಎಂಥದು, ಅದಕ್ಕೆ ಎಷ್ಟು ತೆತ್ತೆವು ಎಂಬುದನ್ನು ಸರ್ಕಾರಕ್ಕೆ ನಾವೇ ಬರೆದು ತಿಳಿಸಬೇಕಾಗಿದೆ.