ಡ್ರಾಯರ್ ತುಂಬ ಐನೂರರ ನೋಟು

ಮಕ್ಕಳೇ, ಈ ವಾರದ ಲೆಕ್ಕ ಪೋಕೆಮಾನ್ ಕಾರ್ಡುಗಳದ್ದು. ಅಜ್ಜ-ಅಜ್ಜಿಯರು ಪುಟ ತಿರುವಬೇಡಿ. ಆ ಪ್ಯಾಕೆಟ್ಟುಗಳಿಗೆ ದುಡ್ಡು ಹೋಗುವುದು ಬಹುಪಾಲು ನಮ್ಮ ಜೇಬಿನಿಂದಲೇ. ಹಾಗಾಗಿ ಇದರಲ್ಲಿ ನಮಗೂ ಪಾಲಿದೆ.

ದಸರಾ ರಜೆಗೆ ಮೊಳಕಾಲ್ಮುರಿನಿಂದ ನನ್ನ ಮಗಳ ಮಗಳು ಚಳ್ಳಕೆರೆಗೆ ಬಂದಿದ್ದಳು. ಅವಳು ಆರನೇ ಕ್ಲಾಸು, ನನ್ನ ಮಗನ ಮಗ ಏಳನೇ ಕ್ಲಾಸು. ಇಬ್ಬರ ಹತ್ತಿರವೂ 60 ಕಾರ್ಡಿನ ಒಂದೊಂದು ಕಟ್ಟು. ಹಜಾರದಲ್ಲಿ ಚಾಪೆ ಹಾಸಿಕೊಂಡು ಮೂರು ಆಟ ಆಡಿದರು. ಮೂರನ್ನೂ ಹುಡುಗಿಯೇ ಗೆದ್ದಳು. ಹುಡುಗನ ಕಣ್ಣಲ್ಲಿ ನೀರು. “ತಾತ, ನನ್ನ ಹತ್ರ ಇರೋ ಕಾರ್ಡೇ ಜೋರು. ಆದ್ರೂ ಅವಳೇ ಗೆಲ್ತಾಳೆ. ಇನ್ನೂ ಜೋರಾದವು ಬೇಕು” ಅಂದ. ಹಬ್ಬಕ್ಕೆ ನೆಂಟರು ಕೊಟ್ಟ 1,500 ರೂಪಾಯಿ ಅವನ ಕಂಪಾಸ್ ಬಾಕ್ಸಿನಲ್ಲಿತ್ತು. ಅಷ್ಟಕ್ಕೂ ಹೊಸ ಪ್ಯಾಕೆಟ್ ತರಿಸುವುದೆಂದು ಅವನ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. “ಎರಡು ದಿನ ತಡಿ, ಮೊದಲು ಲೆಕ್ಕ ನೋಡೋಣ” ಅಂದೆ. ಇಬ್ಬರ ಕಟ್ಟನ್ನೂ ಚಾಪೆಯ ಮೇಲೆ ಬಿಡಿಸಿಟ್ಟು ಎಣಿಸಿದೆವು.

ಆಟ ಗೊತ್ತಿಲ್ಲದ ಹಿರಿಯರಿಗೆ ನಾಲ್ಕು ಮಾತು. ಇದು 1996ರಲ್ಲಿ ಜಪಾನಿನಲ್ಲಿ ಶುರುವಾದ ಆಟ. 2004ರಿಂದ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯುತ್ತಿದೆ, ಅದರಲ್ಲಿ ಚಿಕ್ಕ ಮಕ್ಕಳಿಗೆ ಬೇರೆಯೇ ವಿಭಾಗವಿದೆ. ಇಬ್ಬರು ಆಡುವ ಆಟ. ಕಟ್ಟನ್ನು ಕಲೆಸಿ ತಲಾ 7 ಕಾರ್ಡು ಕೈಗೆ ತೆಗೆದುಕೊಳ್ಳಬೇಕು. 6 ಕಾರ್ಡನ್ನು ನೋಡದೆ ಪಕ್ಕಕ್ಕಿಡಬೇಕು, ಅವಕ್ಕೆ ಬಹುಮಾನದ ಕಾರ್ಡು ಎನ್ನುತ್ತಾರೆ. ಎದುರಾಳಿಯ ಪ್ರಾಣಿಯನ್ನು ಬೀಳಿಸಿದಾಗಲೆಲ್ಲ ನಿಮ್ಮ ಬಹುಮಾನದಿಂದ ಒಂದು ಕಾರ್ಡು ಎತ್ತಿಕೊಳ್ಳಬಹುದು. ಹೆಸರಿನ ಮುಂದೆ ‘ಇಎಕ್ಸ್’ ಎಂದಿರುವ ದೊಡ್ಡ ಪ್ರಾಣಿ ಬಿದ್ದರೆ ಎರಡು. ಆರನ್ನೂ ಮೊದಲು ಎತ್ತಿದವರು ಗೆದ್ದರು. ಒಂದೇ ಹೆಸರಿನ ಕಾರ್ಡು ಕಟ್ಟಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಮೂಲ ಎನರ್ಜಿ ಕಾರ್ಡಿಗೆ ಮಾತ್ರ ಆ ಮಿತಿ ಇಲ್ಲ.

ಇನ್ನೊಂದು ಮುಖ್ಯ ನಿಯಮವಿದೆ. ಪ್ರಾಣಿಗಳಲ್ಲಿ ಮರಿ, ನಡು, ಹಿರಿ ಎಂಬ ಹಂತಗಳಿವೆ. ಚಾರ್ಮ್ಯಾಂಡರ್ ಮರಿ, ಚಾರ್ಮಿಲಿಯನ್ ನಡು, ಚಾರಿಜಾರ್ಡ್ ಹಿರಿ. ಆಟ ಶುರುವಾಗುವುದೇ ಮರಿಯಿಂದ. ಬೇಸಿಕ್ ಎನ್ನುವ ಈ ಮೊದಲ ಹಂತದ ಕಾರ್ಡು ಕೈಯಲ್ಲಿರುವ ಏಳರಲ್ಲಿ ಒಂದೂ ಇಲ್ಲದಿದ್ದರೆ ಎಲ್ಲವನ್ನೂ ತೋರಿಸಿ, ಮತ್ತೆ ಕಲೆಸಿ, ಹೊಸದಾಗಿ ಏಳು ತೆಗೆಯಬೇಕು. ಹಾಗಾದಾಗಲೆಲ್ಲ ಎದುರಾಳಿ ಒಂದು ಕಾರ್ಡು ಹೆಚ್ಚಿಗೆ ತೆಗೆದುಕೊಳ್ಳಬಹುದು.

ಹುಡುಗನ ಕಟ್ಟಿನಲ್ಲಿ ಬೇಸಿಕ್ ಕಾರ್ಡು ಎಷ್ಟಿದ್ದವು ಗೊತ್ತೇ? ನಾಲ್ಕು! ಉಳಿದದ್ದೆಲ್ಲ ಮಿರಮಿರ ಮಿಂಚುವ ಹಿರಿಯರು.

ನಾನು ಬ್ಯಾಂಕಿನಲ್ಲಿ ಬಹಳ ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವನು. ಬೆಳಿಗ್ಗೆ ಡ್ರಾಯರ್ ತುಂಬ ಐನೂರರ ನೋಟಿನ ಕಂತೆ ಇಟ್ಟುಕೊಂಡು ಕೂತರೆ ನೋಡಲು ಚೆಂದ. ಮೊದಲನೆಯ ಗಿರಾಕಿ ಬಂದು 370 ರೂಪಾಯಿ ಕೇಳಿದರೆ? ದುಡ್ಡು ರಾಶಿ ಇದೆ, ಕೊಡಲು ಮಾತ್ರ ಆಗುವುದಿಲ್ಲ. ಹತ್ತು, ಇಪ್ಪತ್ತು, ಐವತ್ತರ ನೋಟು ಇದ್ದವನ ಕೌಂಟರಿನಲ್ಲೇ ಕೆಲಸ ಸಾಗುವುದು. ಚಾರಿಜಾರ್ಡ್ ಐನೂರರ ನೋಟು, ಚಾರ್ಮ್ಯಾಂಡರ್ ಚಿಲ್ಲರೆ. ಕಟ್ಟು ಕಟ್ಟುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ‘ನನ್ನ ಹತ್ತಿರ ಎಷ್ಟು ಬಲವಿದೆ’ ಎಂದಲ್ಲ; ‘ಬೇಕಾದ ಹೊತ್ತಿಗೆ ಬೇಕಾದದ್ದು ಕೈಗೆ ಬರುತ್ತದೆಯೇ’ ಎಂದು.

ಇದನ್ನು ಲೆಕ್ಕ ಹಾಕಿ ನೋಡಬಹುದು. 60 ಕಾರ್ಡಿನಲ್ಲಿ 7 ಕೈಗೆ ಬಂದರೆ ಹೊರಗೆ ಉಳಿಯುವುದು 53. ನಾಲ್ಕು ಬೇಸಿಕ್ ಕಾರ್ಡೂ ಆ 53ರಲ್ಲೇ ಅಡಗಿ ಕೂತರೆ ನಮಗೆ ತಾಪತ್ರಯ. ಮೊದಲನೆಯದು ಹೊರಗುಳಿಯುವ ಸಾಧ್ಯತೆ 53/60, ಎರಡನೆಯದು 52/59, ಮೂರನೆಯದು 51/58, ನಾಲ್ಕನೆಯದು 50/57. ನಾಲ್ಕನ್ನೂ ಗುಣಿಸಿ. ಬರುವುದು ಸುಮಾರು 0.60. ಅಂದರೆ ನೂರು ಸಲ ಏಳು ತೆಗೆದರೆ 60 ಸಲ ಆಟ ಶುರುವೇ ಆಗುವುದಿಲ್ಲ! ಇದೇ ರೀತಿ ಮುಂದುವರಿಸಿದರೆ, 8 ಬೇಸಿಕ್ ಇದ್ದರೆ ನೂರಕ್ಕೆ 35 ಸಲ, 12 ಇದ್ದರೆ 19 ಸಲ ಮಾತ್ರ ಹೀಗಾಗುತ್ತದೆ. ಹುಡುಗಿಯ ಕಟ್ಟಿನಲ್ಲಿ 12 ಇದ್ದವು. ಅವಳ ಗೆಲುವಿನ ಗುಟ್ಟು ಅರ್ಧ ಇಲ್ಲೇ ಇತ್ತು.

ಲೆಕ್ಕ ಮುಗಿಸಿ ತಲೆಯೆತ್ತಿದರೆ ಹುಡುಗ ತನ್ನ ಕಾರ್ಡುಗಳನ್ನೇ ದಿಟ್ಟಿಸುತ್ತಿದ್ದ. ಅವನಿಗೆ ಹುಡುಗಿ ಹೇಳಿದ ಮಾತು ನನ್ನದಕ್ಕಿಂತ ಚೆನ್ನಾಗಿತ್ತು: “ಅಣ್ಣ, ನಮ್ಮೂರಲ್ಲಿ ಸೀರೆ ನೇಯೋದು ನೋಡಿದೀಯಲ್ಲ? ಬರೀ ಜರಿ ಇದ್ರೆ ಸೀರೆ ಆಗುತ್ತಾ?” ಮೊಳಕಾಲ್ಮುರು ರೇಷ್ಮೆ ಸೀರೆಯ ಊರಲ್ಲವೇ! ಕಣ್ಣಿಗೆ ಬೀಳುವುದು ಅಂಚು, ಸೆರಗು. ಸೀರೆಯನ್ನು ಹಿಡಿದಿಡುವುದು ಹಾಸು-ಹೊಕ್ಕಿನ ಸಾದಾ ಎಳೆ.

ಈಗ ಅವಳ ಕಟ್ಟನ್ನು ನೋಡೋಣ. ಇದು 2023ರಲ್ಲಿ ಬಂದ ಚಾರಿಜಾರ್ಡ್ ಇಎಕ್ಸ್ ಸುತ್ತ ಕಟ್ಟಿದ್ದು. ದೊಡ್ಡ ಸ್ಪರ್ಧೆಗಳಲ್ಲೂ ತುಂಬ ಹೆಸರು ಮಾಡಿದ ಬಗೆ.

ಪ್ರಾಣಿಗಳು 18: ಚಾರ್ಮ್ಯಾಂಡರ್ 4, ಚಾರ್ಮಿಲಿಯನ್ 1, ಚಾರಿಜಾರ್ಡ್ ಇಎಕ್ಸ್ 3, ಪಿಜಿ 2, ಪಿಜಿಯಾಟ್ ಇಎಕ್ಸ್ 2, ಬೇರೆ ಬೇಸಿಕ್ ಪ್ರಾಣಿಗಳು 6.

ಸಾಮಾನು 22: ರೇರ್ ಕ್ಯಾಂಡಿ 4, ಬಡ್ಡಿ-ಬಡ್ಡಿ ಪಾಫಿನ್ 4, ಅಲ್ಟ್ರಾ ಬಾಲ್ 4, ನೆಸ್ಟ್ ಬಾಲ್ 4, ಮುಂದಿರುವ ಪ್ರಾಣಿಯನ್ನು ಹಿಂದಕ್ಕೆ ಕರೆಸುವ ಕಾರ್ಡು 3, ಎಸೆದ ರಾಶಿಯಿಂದ ಮರಳಿ ತರುವ ಕಾರ್ಡು 2, ನಿಮ್ಮಿಷ್ಟದ್ದು 1.

ಸಹಾಯಕರು 13. ಬೆಂಕಿ ಎನರ್ಜಿ 7. ಒಟ್ಟು 60, ಜಮಾ-ಖರ್ಚು ಸರಿಹೋಯಿತು.

ನೋಡಿ, 60ರಲ್ಲಿ ಹೊಡೆದಾಡುವ ಹಿರಿಯ ಮೂರೇ ಮೂರು! ಉಳಿದ ಕಾರ್ಡುಗಳ ಕೆಲಸವೆಲ್ಲ ಆ ಮೂವರನ್ನು ಹೊತ್ತಿಗೆ ಸರಿಯಾಗಿ ಕರೆತಂದು ನಿಲ್ಲಿಸುವುದು. ಪಾಫಿನ್ ಹಾಕಿದರೆ 70 ಎಚ್‌ಪಿಯೊಳಗಿನ ಎರಡು ಮರಿಗಳು ಕಟ್ಟಿನಿಂದ ನೇರ ಹಿಂದಿನ ಸಾಲಿಗೆ ಬಂದು ಕೂರುತ್ತವೆ. ರೇರ್ ಕ್ಯಾಂಡಿ ಹಾಕಿದರೆ ಮರಿ ನಡುವಿನ ಹಂತ ದಾಟಿ ಹಿರಿಯನಾಗುತ್ತದೆ. ಆದರೆ ಈಗಷ್ಟೇ ಕೂರಿಸಿದ ಮರಿಗೆ ಅದನ್ನು ತಿನ್ನಿಸುವಂತಿಲ್ಲ, ನಿಮ್ಮ ಮೊದಲ ಸರದಿಯಲ್ಲೂ ಆಗುವುದಿಲ್ಲ. ಪಿಜಿಯಾಟ್ ಇಎಕ್ಸ್ ಬಂದು ಕೂತರಂತೂ ಪ್ರತಿ ಸರದಿಗೊಮ್ಮೆ ಕಟ್ಟಿನಿಂದ ನಿಮಗೆ ಬೇಕಾದ ಒಂದು ಕಾರ್ಡನ್ನು ಹುಡುಕಿ ತೆಗೆಯಬಹುದು. ನಮ್ಮ ಬ್ಯಾಂಕಿನಲ್ಲಿ ಯಾವ ಫೈಲು ಕೇಳಿದರೂ ಕ್ಷಣದಲ್ಲಿ ತಂದುಕೊಡುವ ಅಟೆಂಡರ್ ಇದ್ದಂತೆ.

ಆಡುವ ಕ್ರಮ ಹೀಗೆ. ಮೊದಲ ಸರದಿಯಲ್ಲಿ ಹೊಡೆಯುವ ಆತುರ ಬೇಡ. ಎರಡು ಚಾರ್ಮ್ಯಾಂಡರ್, ಒಂದು ಪಿಜಿ ಕೂರಿಸಿದರೆ ಆ ದಿನದ ಕೂಲಿ ಹುಟ್ಟಿತು. ಎರಡನೇ ಸರದಿಯಲ್ಲಿ ರೇರ್ ಕ್ಯಾಂಡಿ, ಅದರ ಮೇಲೆ ಚಾರಿಜಾರ್ಡ್. ಅದು ಕೈಯಿಂದ ಇಳಿದು ಮರಿಯ ಮೇಲೆ ಕೂತ ಗಳಿಗೆಯಲ್ಲೇ ಕಟ್ಟಿನಿಂದ ಮೂರು ಬೆಂಕಿ ಎನರ್ಜಿಯನ್ನು ಎಳೆದುಕೊಳ್ಳಬಹುದು. ಏಟಿಗೆ ಬೇಕಾದದ್ದು ಎರಡೇ. ಹಾಗಾಗಿ ಅದೇ ಸರದಿಯಲ್ಲಿ ಹೊಡೆತ. ಏಳೇ ಎನರ್ಜಿ ಕಾರ್ಡು ಹೇಗೆ ಸಾಕಾಗುತ್ತದೆ ಎಂಬ ಪ್ರಶ್ನೆಗೂ ಇದೇ ಉತ್ತರ.

ಚಾರಿಜಾರ್ಡಿನ ಏಟಿಗೆ ಇನ್ನೊಂದು ಗುಣವಿದೆ. ಅದು 180, ಎದುರಾಳಿ ಎತ್ತಿಕೊಂಡ ಪ್ರತಿ ಬಹುಮಾನಕ್ಕೂ 30 ಸೇರುತ್ತದೆ. ಎದುರಾಳಿ ಮೂರು ಎತ್ತಿದ್ದರೆ 270. ಐದು ಎತ್ತಿದ್ದರೆ 330, ಅಂದರೆ ಇನ್ನೊಂದು ಚಾರಿಜಾರ್ಡ್ ಇಎಕ್ಸನ್ನೇ ಒಂದೇ ಏಟಿಗೆ ಬೀಳಿಸುವಷ್ಟು. ಹಿಂದೆ ಬಿದ್ದಾಗಲೇ ಏಟು ಜೋರು! ಆದ್ದರಿಂದ ಎದುರಾಳಿಗೆ ಒಂದೆರಡು ಬಹುಮಾನ ಹೋಯಿತೆಂದು ಅಳುತ್ತ ಕಾರ್ಡು ಮಡಿಸಬೇಡಿ.

ಕೊನೆಯ ಉಪಾಯ ಬಹುಮಾನದ ಲೆಕ್ಕದ್ದು. ಎದುರಾಳಿಗೆ ನಿಮ್ಮ ಇಎಕ್ಸ್‌ಗಳೇ ಸಿಕ್ಕರೆ ಎರಡು, ಎರಡು, ಎರಡು, ಮೂರು ಏಟಿಗೆ ಆರು ಮುಗಿಯಿತು. ನಡುವೆ ಒಂದೇ ಬಹುಮಾನದ ಚಿಕ್ಕ ಪ್ರಾಣಿಯನ್ನು ಮುಂದೆ ಬಿಟ್ಟರೆ? ಎರಡು, ಒಂದು, ಎರಡು, ಐದೇ ಆಯಿತು. ನಾಲ್ಕನೇ ಏಟು ಬೇಕೇ ಬೇಕು. ಒಂದು ಮರಿ ನಿಮಗೆ ಒಂದು ಪೂರ್ತಿ ಸರದಿಯನ್ನು ಉಳಿಸಿಕೊಡುತ್ತದೆ. ಆಡು-ಹುಲಿ ಆಟ ಆಡಿದ ಅಜ್ಜಂದಿರಿಗೆ ಇದು ಹೊಸದಲ್ಲ. ಯಾವ ಆಡನ್ನು ಯಾವಾಗ ಬಿಟ್ಟುಕೊಡಬೇಕೆಂದು ತಿಳಿದವನೇ ಹುಲಿಯನ್ನು ಕಟ್ಟಿಹಾಕುತ್ತಾನೆ.

ಇನ್ನು ಹಿರಿಯರ ಪ್ರಶ್ನೆ. ‘ಎಲೆಯಾಟ ಅಂದಮೇಲೆ ಜೂಜಲ್ಲವೇ?’ ಇಸ್ಪೀಟು, ಅಂದರ್-ಬಾಹರ್‌ನಿಂದ ಹಾಳಾದ ಮನೆಗಳನ್ನು ನಮ್ಮ ಸೀಮೆಯವರು ಕಂಡಿದ್ದೇವೆ. ಆ ಭಯ ಸುಳ್ಳಲ್ಲ. ಆದರೆ ಎಲೆ ಎಂದರೆಲ್ಲ ಜೂಜಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಆಟಗಳನ್ನು ತಾವೇ ರೂಪಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಅವತಾರಕ್ಕೊಬ್ಬ ರಾಜ, ಒಬ್ಬ ಮಂತ್ರಿ, ಆಮೇಲೆ ಒಂದರಿಂದ ಹತ್ತು. ಆಡುತ್ತ ಆಡುತ್ತ ಮಕ್ಕಳಿಗೆ ಎಣಿಕೆಯೂ ಬಂತು, ಕಥೆಯೂ ಬಂತು.

ಪೋಕೆಮಾನಿನಲ್ಲಿ ಜೂಜು ಇರುವುದು ಆಟದಲ್ಲಲ್ಲ, ಮುಚ್ಚಿದ ಪ್ಯಾಕೆಟ್ಟಿನಲ್ಲಿ. ಒಳಗೆ ಏನಿದೆಯೆಂದು ಕಾಣದೆ ದುಡ್ಡು ಕೊಡುತ್ತೇವೆ. ಬೇಕಾದದ್ದು ಬರಲಿಲ್ಲವೆಂದು ಇನ್ನೊಂದು, ಅದೂ ಬರಲಿಲ್ಲವೆಂದು ಮತ್ತೊಂದು. ಹುಟ್ಟುಹಬ್ಬಕ್ಕೆ ಒಂದು ಪ್ಯಾಕೆಟ್ ಒಡೆದು ಸಂತೋಷಪಡುವುದು ಬೇರೆ, ಸೋತ ಸಿಟ್ಟಿಗೆ ಹತ್ತು ಒಡೆಯುವುದು ಬೇರೆ. ಕಟ್ಟು ಕಟ್ಟಬೇಕೆನ್ನುವವರು ಬೇಕಾದ ಕಾರ್ಡಿನ ಪಟ್ಟಿ ಬರೆದು, ಬಿಡಿಯಾಗಿ ಕೊಳ್ಳುವುದು ಅಥವಾ ಕಟ್ಟಿಯೇ ಮಾರುವ 60ರ ಕಟ್ಟು ತೆಗೆದುಕೊಳ್ಳುವುದು ಲೇಸು. ಸಾದಾ ಕಾರ್ಡಿಗೆ ಬೆಲೆ ಕಡಿಮೆ. ಕಟ್ಟಿಗೆ ಹೆಚ್ಚಾಗಿ ಬೇಕಾದವೂ ಅವೇ.

ಅಂಗಡಿಗಳಲ್ಲಿ ತೂಗುಹಾಕಿರುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳು ಅಸಲಿಯಲ್ಲ, ಸ್ಪರ್ಧೆಗೆ ನಡೆಯುವುದಿಲ್ಲ. ಅವುಗಳಲ್ಲಿ ಕಾಗುಣಿತದ ತಪ್ಪು, ಅಳತೆ ಮೀರಿದ ಎಚ್‌ಪಿ ಎಲ್ಲ ಇರುತ್ತವೆ. ಮನೆಯಲ್ಲಿ ಆಡಿಕೊಳ್ಳಲು ಅಡ್ಡಿಯಿಲ್ಲ, ಆದರೆ ಅದನ್ನು ಕೊಟ್ಟು ಇನ್ನೊಬ್ಬ ಮಗುವಿನ ಅಸಲಿ ಕಾರ್ಡು ಪಡೆಯುವುದು ಮೋಸ. ನಮ್ಮ ಚಳ್ಳಕೆರೆಯ ಕಂಬಳಿ ಸಂತೆಯಲ್ಲಿ ಕೊಳ್ಳುವವರು ಕಂಬಳಿಯನ್ನು ಬಿಡಿಸಿ, ಬೆಳಕಿಗೆ ಹಿಡಿದು, ಕೈಯಾಡಿಸಿ ನೋಡುತ್ತಾರೆ. ಕಾರ್ಡು ಬದಲಾಯಿಸಿಕೊಳ್ಳುವಾಗಲೂ ಹಾಗೇ ನೋಡಿ, ಎದುರಿನವರಿಗೂ ನೋಡಲು ಬಿಡಿ. ಚಿಕ್ಕವರ ಜೊತೆ ಬದಲಾಯಿಸುವಾಗ ಅವರ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿರಲಿ.

ಸ್ಪರ್ಧೆಗೆ ಹೋಗುವ ಆಸೆಯಿದ್ದವರಿಗೆ ಒಂದು ಎಚ್ಚರಿಕೆ. ಹಳೆಯ ಕಾರ್ಡುಗಳು ಕಾಲಕಾಲಕ್ಕೆ ನನ್ನ ಹಾಗೆ ನಿವೃತ್ತಿ ಹೊಂದುತ್ತವೆ. ದುಡ್ಡು ಹಾಕುವ ಮೊದಲು ಈ ಸಾಲಿನಲ್ಲಿ ಯಾವುದು ನಡೆಯುತ್ತದೆಂದು ವಿಚಾರಿಸಿ. ಮನೆಯಾಟಕ್ಕೆ ನಿವೃತ್ತಿಯಿಲ್ಲ.

ಹುಡುಗ ಏನು ಮಾಡಿದ ಎನ್ನುತ್ತೀರಾ? ಎರಡೆರಡಿದ್ದ ಮಿಂಚುವ ಕಾರ್ಡುಗಳಲ್ಲಿ ಎರಡನ್ನು ತಂಗಿಗೆ ಕೊಟ್ಟು, ಅವಳ ಹತ್ತಿರ ಹೆಚ್ಚಿಗೆ ಇದ್ದ ಎಂಟು ಮರಿಗಳನ್ನು ತೆಗೆದುಕೊಂಡ. ಕೊಟ್ಟದ್ದು, ಪಡೆದದ್ದು ಎರಡನ್ನೂ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಸಾಕ್ಷಿ ನಾನು. ಮರುದಿನ ಮೂರು ಆಟದಲ್ಲಿ ಒಂದನ್ನು ಗೆದ್ದ, ಎರಡು ಸೋತ. ಈ ಸಲ ಕಣ್ಣಲ್ಲಿ ನೀರಿರಲಿಲ್ಲ. ಯಾವ ಸರದಿಯಲ್ಲಿ ಯಾವ ಕಾರ್ಡು ಬೇಗ ಹಾಕಿಬಿಟ್ಟೆ ಎಂದು ತಂಗಿಯ ಜೊತೆ ವಾದ ಮಾಡುತ್ತಿದ್ದ. 1,500 ರೂಪಾಯಿ ಇನ್ನೂ ಕಂಪಾಸ್ ಬಾಕ್ಸಿನಲ್ಲೇ ಇದೆ.

ಈ ವಾರದ ಲೆಕ್ಕ: 60 ಕಾರ್ಡಿನ ಕಟ್ಟಿನಲ್ಲಿ ಪಿಜಿಯಾಟ್ ಇಎಕ್ಸ್ ಒಂದೇ ಇದ್ದರೆ, ಅದು ಬಹುಮಾನದ ಆರರಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ 6/60, ಅಂದರೆ ಹತ್ತರಲ್ಲಿ ಒಂದು. ಎರಡು ಇದ್ದರೆ, ಎರಡೂ ಅಲ್ಲೇ ಸಿಕ್ಕಿಕೊಳ್ಳುವ ಸಾಧ್ಯತೆ ಎಷ್ಟು? ಮೇಲಿನ ದಾರಿಯಲ್ಲೇ ಗುಣಿಸಿ, ಚೊಕ್ಕವಾದ ಉತ್ತರ ಬರುತ್ತದೆ. ಅಜ್ಜ-ಅಜ್ಜಿಯರು ಪಕ್ಕದಲ್ಲಿ ಕೂರಬಹುದು, ಆದರೆ ಪೆನ್ಸಿಲ್ ಮಕ್ಕಳ ಕೈಯಲ್ಲೇ ಇರಲಿ. ಉತ್ತರ ಮುಂದಿನ ವಾರ.