ಜಾಬರನಿಗೆ ಬಗ್ಗದ ಡ್ರೋನು

ಇಚಲಕರಂಜಿಯ ಗಲ್ಲಿಯಲ್ಲಿ ಮಗ್ಗ ನಿಂತರೆ ಯಾರೂ ಕಂಪನಿಗೆ ಫೋನು ಹಚ್ಚುವುದಿಲ್ಲ. ಜಾಬರ್ ಬರುತ್ತಾನೆ, ಪಾನಾ ಹಿಡಿಯುತ್ತಾನೆ, ಲಾಳಿಯ ಹೊಡೆತ ಸರಿಮಾಡಿ ಚಹಾ ಕುಡಿದು ಹೋಗುತ್ತಾನೆ. 1904ರಲ್ಲಿ ವಿಠ್ಠಲರಾವ್ ದಾತಾರ್ ಅಲ್ಲಿ ಮೊದಲ ಪವರ್‌ಲೂಮ್ ಹೂಡಿದಂದಿನಿಂದ ಊರು ಬೆಳೆದದ್ದು ಇಂಥ ಕೈಗಳ ಬಲದಿಂದ. ಕೊಲ್ಹಾಪುರದ ಉದ್ಯಮನಗರದ ಕಥೆಯೂ ಬೇರೆಯಲ್ಲ. ಆಯಿಲ್ ಎಂಜಿನ್ ಬಿಚ್ಚಿ ನೋಡಿ, ಮುರಿದ ಭಾಗದಂಥದೇ ಇನ್ನೊಂದನ್ನು ಎರಕ ಹೊಯ್ದು ಕೂರಿಸಿದ ಮೇಸ್ತ್ರಿಗಳೇ ಅಲ್ಲಿನ ಫೌಂಡ್ರಿಗಳಿಗೆ ಬುನಾದಿ ಹಾಕಿದರು.

ಈಗ ಅದೇ ಸೀಮೆಯ ಕಬ್ಬಿನ ಗದ್ದೆಗಳ ಮೇಲೆ ಡ್ರೋನು ಹಾರುತ್ತಿದೆ. ಆಳೆತ್ತರ ಮೀರಿ ಬೆಳೆದ ಕಬ್ಬಿನೊಳಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ನುಗ್ಗುವುದು ಎಂಥ ಕಷ್ಟವೆಂದು ಗಡಹಿಂಗ್ಲಜದ ರೈತನಿಗೂ ಗೊತ್ತು, ಗಡಿಯಾಚೆಯ ಸಂಕೇಶ್ವರದವನಿಗೂ ಗೊತ್ತು. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಪ್ಪಿದ ‘ನಮೋ ಡ್ರೋನ್ ದೀದಿ’ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಕೊಡಲು 1,261 ಕೋಟಿ ರೂಪಾಯಿ ತೆಗೆದಿಟ್ಟಿದೆ. ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿವರೆಗೆ ಸಹಾಯಧನ.

ಹಣ ಸಾರ್ವಜನಿಕರದು. ಆದರೆ ಆ ಡ್ರೋನಿನ ಮೋಟಾರಿಗೆ ‘ಹೀಗೆ ತಿರುಗು’ ಎಂದು ಹೇಳುವ ತಂತ್ರಾಂಶ ಯಾರದು?

ಡ್ರೋನಿನ ಪ್ರತಿ ಮೋಟಾರಿಗೂ ವೇಗ ನಿಯಂತ್ರಿಸುವ ಒಂದು ಸಣ್ಣ ಬೋರ್ಡು ಇರುತ್ತದೆ. ತಿಳಿದವರು ಅದನ್ನು ಇಎಸ್‌ಸಿ ಎನ್ನುತ್ತಾರೆ. ಬ್ಯಾಟರಿಯ ನೇರ ವಿದ್ಯುತ್ತನ್ನು ಮೂರು ತಂತಿಗಳಿಗೆ ಸರದಿಯಂತೆ ಹಂಚುವುದು ಅದರ ಕೆಲಸ. ಮೋಟಾರು ಈಗ ಎಲ್ಲಿಗೆ ತಿರುಗಿದೆ ಎಂಬುದನ್ನು ಅದರ ಸುರುಳಿಯಲ್ಲೇ ಹುಟ್ಟುವ ವೋಲ್ಟೇಜಿನಿಂದ ಅಳೆದು, ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ಚು ಬದಲಿಸಬೇಕು. ಹೊತ್ತು ತುಸು ತಪ್ಪಿದರೆ ಮೋಟಾರು ಅದುರುತ್ತದೆ, ಬಿಸಿಯಾಗುತ್ತದೆ, ಕೆಲವೊಮ್ಮೆ ಗಾಳಿಯಲ್ಲೇ ನಿಲ್ಲುತ್ತದೆ. ಆ ಹೊತ್ತನ್ನು ಕಾಯುವುದೇ ಬೋರ್ಡಿನೊಳಗಿನ ಫರ್ಮ್‌ವೇರ್ ಎಂಬ ತಂತ್ರಾಂಶ.

ಸಣ್ಣ ಡ್ರೋನುಗಳ ಲೋಕದಲ್ಲಿ ಈ ಫರ್ಮ್‌ವೇರಿಗೆ ಒದಗಿದ ಗತಿ ಪಾಠದಂತಿದೆ. ಬಿಎಲ್‌ಹೆಲಿ, ಬಿಎಲ್‌ಹೆಲಿ-ಎಸ್ ಎಂಬ ಫರ್ಮ್‌ವೇರುಗಳು ಮೊದಲು ಮುಕ್ತವಾಗಿದ್ದವು. ಯಾರು ಬೇಕಾದರೂ ಕೋಡು ಓದಬಹುದಿತ್ತು. ಮುಂದಿನ ಪೀಳಿಗೆಯಾದ ಬಿಎಲ್‌ಹೆಲಿ-32ಕ್ಕೆ ಬೀಗ ಬಿತ್ತು, ತಯಾರಕರು ಪರವಾನಗಿ ಕೊಳ್ಳಬೇಕಾಯಿತು. ಹತ್ತಾರು ಕಂಪನಿಗಳು ಕೊಂಡವು. 2024ರ ಮಧ್ಯದಲ್ಲಿ ಅದನ್ನು ರೂಪಿಸಿದ ನಾರ್ವೆಯ ಸಂಸ್ಥೆ ಅಂಗಡಿ ಮುಚ್ಚಿತು. ಹಾರುತ್ತಿದ್ದ ಬೋರ್ಡುಗಳು ಹಾರುತ್ತಲೇ ಇದ್ದವು. ದೋಷ ಕಂಡರೆ ತಿದ್ದುವವರು ಮಾತ್ರ ಇಲ್ಲವಾದರು.

ಆಗ ಜನ ಹೊರಳಿದ್ದು ಎಎಂ32 ಕಡೆಗೆ. ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬಹಿರಂಗವಾಗಿ ಬೆಳೆದ ಫರ್ಮ್‌ವೇರ್ ಇದು. ಅತ್ತ 8-ಬಿಟ್ಟಿನ ಹಳೆಯ ಬೋರ್ಡುಗಳಲ್ಲಿ ಮೋಟಾರಿನ ಸುತ್ತುಗಳನ್ನು ಲೆಕ್ಕವಿಟ್ಟು ನಡುಕ ಸೋಸಲು ಮೊದಲು ಕಾಸು ಕೊಟ್ಟು ಪರವಾನಗಿ ಪಡೆಯಬೇಕಿತ್ತು. ‘ಬ್ಲೂಜೇ’ ಎಂಬ ಮುಕ್ತ ಫರ್ಮ್‌ವೇರ್ ಅದನ್ನು ಪುಕ್ಕಟೆ ಮಾಡಿತು.

ಬದಲಾವಣೆ ಹೂವಿನ ಹಾದಿಯಲ್ಲ. ಬೀಗ ಹಾಕಿದ ಚಿಪ್ಪಿಗೆ ಸಣ್ಣ ತಂತಿಗಳನ್ನು ಬೆಸೆದು, ಎಸ್‌ಟಿ-ಲಿಂಕ್ ಎಂಬ ಉಪಕರಣದಿಂದ ರಕ್ಷಣೆ ತೆಗೆಯಬೇಕು. ತೆಗೆದ ಕ್ಷಣ ಹಳೆಯ ಫರ್ಮ್‌ವೇರ್ ಅಳಿಸಿಹೋಗುತ್ತದೆ, ಮತ್ತೆ ಹಿಂದಿರುಗುವಂತಿಲ್ಲ. ಬೋರ್ಡಿಗೆ ಹೊಂದದ ಫೈಲು ಹಾಕಿದರೆ ಸ್ವಿಚ್ಚುಗಳು ಹೊಗೆಯಾಡುತ್ತವೆ. ಸಿಂಪಡಣೆ ಡ್ರೋನುಗಳದ್ದು ಇನ್ನೂ ಗಟ್ಟಿ ಕಥೆ: ಅನೇಕ ಮಾದರಿಗಳಲ್ಲಿ ಇಎಸ್‌ಸಿ ಮೋಟಾರಿನ ಬುಡದಲ್ಲೇ ನೀರು ನುಸುಳದಂತೆ ಮುಚ್ಚಿಬಿಟ್ಟಿರುತ್ತದೆ. ಹತ್ತು ಲೀಟರ್ ಔಷಧ ಹೊತ್ತು ಜನರ ತಲೆಯ ಮೇಲೆ ಹಾರುವ ಯಂತ್ರಕ್ಕೆ ಯಾರೋ ಗೊತ್ತಿಲ್ಲದವರು ಫರ್ಮ್‌ವೇರ್ ತುಂಬುವುದನ್ನು ಯಾರೂ ಒಪ್ಪಲಾರರು, ಒಪ್ಪಲೂಬಾರದು. 2021ರ ಡ್ರೋನ್ ನಿಯಮಗಳು ಮಾದರಿಗೆ ಪ್ರಮಾಣಪತ್ರ ಕೇಳುವುದೂ ಅದಕ್ಕೇ.

ಆದರೆ ಸುರಕ್ಷತೆ ಬೇರೆ, ಗುಟ್ಟು ಬೇರೆ. ಪ್ರಮಾಣಪತ್ರ ಪಡೆದ ಫರ್ಮ್‌ವೇರಿನ ಕೋಡು ಬಹಿರಂಗವಾಗಿದ್ದರೆ ಸುರಕ್ಷತೆಗೆ ಕುಂದೇನು? ತಪ್ಪು ಹುಡುಕುವ ಕಣ್ಣುಗಳು ಹೆಚ್ಚುತ್ತವೆ ಅಷ್ಟೆ. 2022ರ ಫೆಬ್ರುವರಿಯಲ್ಲಿ ಸರ್ಕಾರ ಸಿದ್ಧ ಡ್ರೋನುಗಳ ಆಮದಿಗೆ ತಡೆ ಹಾಕಿತು, ಬಿಡಿಭಾಗಗಳಿಗೆ ಹಾಕಲಿಲ್ಲ. ಹೀಗಾಗಿ ಜೋಡಣೆ ನಮ್ಮದಾದರೂ ಒಳಗಿನ ತಂತ್ರಾಂಶ ಎಲ್ಲಿಯದೋ ಆಗಿರಬಹುದು. ಅದೇ ವರ್ಷ ಜುಲೈಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿ ಹಕ್ಕಿ’ಗೆ ಸಮಿತಿ ಮಾಡಿ, ಗಮನ ಕೊಡಬೇಕಾದ ಕ್ಷೇತ್ರಗಳಲ್ಲಿ ಕೃಷಿ ಉಪಕರಣವನ್ನೂ ಸೇರಿಸಿತು. ಸಿಂಪಡಣೆ ಡ್ರೋನು ಕೃಷಿ ಉಪಕರಣವಲ್ಲದೆ ಮತ್ತೇನು?

ಕೆಲಸ ಶುರುಮಾಡಲು ಕಾಯಬೇಕಿಲ್ಲ. ಕಲಿಕೆ, ಸಂಶೋಧನೆಗೆಂದು ಹಾರಿಸುವ ಮಾದರಿ ಡ್ರೋನುಗಳಿಗೆ ಆ ಪ್ರಮಾಣಪತ್ರದ ಕಟ್ಟಳೆಯಿಲ್ಲ. ಕೊಲ್ಹಾಪುರದ ಕೆಐಟಿ, ಇಚಲಕರಂಜಿಯ ಡಿಕೆಟಿಇಯಂಥ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಎಎಂ32 ತುಂಬಿ, ಪರೀಕ್ಷಾ ಮೇಜಿನ ಮೇಲೆ ಮೋಟಾರು ಓಡಿಸಿ, ಬಿಸಿ ಅಳೆದು ಹುಡುಗರು ಪಳಗಬಹುದು. ಮೇಸ್ತ್ರಿಗಳೂ ಜಾಬರರೂ ಬಂದು ಕೂರುವಂತಾದರೆ ಇನ್ನೂ ಚೆಂದ.

ಡ್ರೋನ್ ದೀದಿ ಯೋಜನೆಯಲ್ಲಿ ಹಾರಿಸುವ ಮಹಿಳೆಗೆ 15 ದಿನ ತರಬೇತಿ. ದುರಸ್ತಿಯಲ್ಲಿ ಒಲವಿರುವ ಇನ್ನೊಬ್ಬ ಸದಸ್ಯರಿಗೆ ಸಹಾಯಕರಾಗಿ ಪ್ರತ್ಯೇಕ ತರಬೇತಿ. ಆ ಸಹಾಯಕರಿಗೆ ರೆಕ್ಕೆ, ಪಂಪು, ಬ್ಯಾಟರಿ ಬದಲಿಸಲು ಕಲಿಸಿ, ಮೋಟಾರು ಕೆಟ್ಟರೆ ಪಾರ್ಸೆಲ್ ಕಟ್ಟಿ ಕಳಿಸಿ ಎಂದರೆ ತರಬೇತಿ ಅರ್ಧಕ್ಕೇ ನಿಂತಂತೆ. ಸಹಾಯಧನದ ಮುಂದಿನ ಟೆಂಡರಿನಲ್ಲಿ ಎರಡು ಷರತ್ತು ಸೇರಲಿ: ಪ್ರಮಾಣಪತ್ರ ಪಡೆದ ಇಎಸ್‌ಸಿ ಫರ್ಮ್‌ವೇರಿನ ಕೋಡು ಖರೀದಿದಾರರಿಗೆ ಸಿಗಬೇಕು, ಅದನ್ನು ಮರಳಿ ತುಂಬುವ ಉಪಕರಣ ತಾಲ್ಲೂಕು ಕೇಂದ್ರದಲ್ಲೇ ಇರಬೇಕು.