ಮರ ಕಡಿಯದೆ ಆಡುವ ಆಟ

ಅರೇಹಳ್ಳಿಯ ಕಡೆಯ ಮಕ್ಕಳಿಗೆ ಆಟದ ಬಯಲೆಂಬುದು ಅಪರೂಪದ ವಸ್ತು. ಬೇಲೂರಿನಿಂದ ಪಶ್ಚಿಮಕ್ಕೆ ಹೊರಟವರ ಕಣ್ಣೆದುರಿಗೇ ನೆಲವು ಸ್ವಲ್ಪಸ್ವಲ್ಪವಾಗಿ ಮಡಿಕೆಗೊಂಡು, ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುತ್ತದೆ. ಇಲ್ಲಿ ತಗ್ಗಿನ ಸಮತಟ್ಟಾದ ನೆಲವೆಲ್ಲ ಗದ್ದೆಗೆ ಸಂದಿದೆ. ಇಳಿಜಾರೆಲ್ಲ ಕಾಫಿಗೆ ಸಂದಿದೆ. ಮಿಕ್ಕುದರಲ್ಲಿ ಮನೆಗಳೂ ರಸ್ತೆಗಳೂ ಇವೆ. ಹುಡುಗರು ಚೆಂಡಾಡಬೇಕಾದರೆ ಕಾಫಿ ಒಣಗಿಸುವ ಕಣವೇ ಗತಿ. ಅದೂ ಕೊಯ್ಲು ಮುಗಿದು ಕಣ ಬರಿದಾದ ಮೇಲೆ. ಹೀಗಿರುವಲ್ಲಿ ಊರಿಗೊಂದು ಆಟದ ಮೈದಾನ ಬೇಕೆಂಬ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ, ಅದಕ್ಕಾಗಿ ಎಷ್ಟು ಮರ ಉರುಳಬೇಕು ಎಂಬುದು. ಆಟ ಬೇಕಾದರೆ ಮರ ಹೋಗಬೇಕು, ಮರ ಬೇಕಾದರೆ ಆಟ ಹೋಗಬೇಕು ಎಂಬ ಈ ಲೆಕ್ಕವನ್ನು ನಾವೂ ಬಹುಕಾಲ ಸಹಜವೆಂದೇ ನಂಬಿದ್ದೆವು.

ಆ ನಂಬಿಕೆ ಸಡಿಲಿದ್ದು ಕಳೆದ ಚಳಿಗಾಲದಲ್ಲಿ. ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗನು ರಜೆಗೆ ಬರುವಾಗ ಮೂರು ಪ್ಲಾಸ್ಟಿಕ್ ಬಿಲ್ಲೆಗಳನ್ನು ತಂದಿದ್ದನು. ಒಂದೊಂದೂ ಊಟದ ತಟ್ಟೆಗಿಂತ ಚಿಕ್ಕದು, ಅಂಚು ಮಾತ್ರ ದಪ್ಪವಾಗಿ ಹೊರಮುಖಕ್ಕೆ ಚೂಪಾಗಿದೆ. ಹಣ್ಣು ಕೊಯ್ಯುವ ಬುಟ್ಟಿಯೊಂದನ್ನು ಅವನು ತೋಟದೊಳಗೆ ಅರವತ್ತು ಮೀಟರ್ ದೂರದಲ್ಲಿಟ್ಟು ಬಂದನು. ನಡುವೆ ಸಿಲ್ವರ್ ಓಕ್ ಮರಗಳು, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅಲ್ಲಲ್ಲಿ ಒಂದು ಹಲಸು, ಒಂದು ಅತ್ತಿ. ಬಿಲ್ಲೆಯನ್ನು ಎಸೆಯುತ್ತ, ಬಿದ್ದಲ್ಲಿಂದ ಮತ್ತೆ ಎಸೆಯುತ್ತ, ಎಷ್ಟು ಕಡಮೆ ಎಸೆತಗಳಲ್ಲಿ ಬುಟ್ಟಿಯನ್ನು ಸೇರಿಸುವೆವೋ ಅಷ್ಟು ಗೆಲವು. ನಮ್ಮ ಮೊದಲನೆಯ ಎಸೆತ ಹತ್ತು ಹೆಜ್ಜೆಯಾಚೆಯ ಮರಕ್ಕೆ ಬಡಿದು ನಮ್ಮ ಹಿಂದಕ್ಕೇ ಬಂದು ಬಿದ್ದಿತು. "ಮಾವ, ಜೋರಿನಿಂದ ಆಗಲ್ಲ, ದಾರಿ ನೋಡ್ಕೊಂಡು ಬಿಡಬೇಕು" ಎಂದನು. ಹನ್ನೊಂದನೆಯ ಎಸೆತಕ್ಕೆ ನಾವು ಬುಟ್ಟಿಯನ್ನು ಮುಟ್ಟಿದೆವು. ಅವನು ನಾಲ್ಕಕ್ಕೆ ಮುಗಿಸಿದ್ದನು.

ಇದಕ್ಕೆ ಡಿಸ್ಕ್ ಗಾಲ್ಫ್ ಎಂದು ಹೆಸರು. ಗಾಲ್ಫಿನ ಚೆಂಡು, ಕೋಲು, ಕುಳಿಗಳ ಬದಲಿಗೆ ಇಲ್ಲಿ ಬಿಲ್ಲೆಯೂ ಸರಪಳಿ ಕಟ್ಟಿದ ಕಬ್ಬಿಣದ ಬುಟ್ಟಿಯೂ ಇರುತ್ತವೆ. ಚಕ್ರಾಯುಧವನ್ನು ಮೇಲ್ಗೈಯಲ್ಲಿ ಹಿಡಿದ ಚೆನ್ನಕೇಶವನು ಬೇಲೂರಿನಲ್ಲಿ ನಿಂತಿರುವುದರಿಂದ, ತಿರುಗುತ್ತ ಹಾರುವ ಬಿಲ್ಲೆ ನಮ್ಮವರದೇ ಶೋಧವೆಂದು ಹೇಳಿಕೊಳ್ಳುವ ಆಸೆ ಕೆಲವರಿಗೆ ಆಗಬಹುದು. ನಾವು ಆ ಗೋಜಿಗೆ ಹೋಗುವುದಿಲ್ಲ. ೧೯೨೬ರಲ್ಲಿ ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದ ಬ್ಲಾಡ್‌ವರ್ತ್ ಎಂಬ ಊರಿನ ಶಾಲಾಬಾಲಕರು ಡಬ್ಬದ ತಗಡಿನ ಮುಚ್ಚಳಗಳನ್ನೆಸೆದು ಇಂತಹ ಆಟವನ್ನಾಡಿದರು. ಹಾರುವ ತಟ್ಟೆಗಳ ವದಂತಿ ಅಮೆರಿಕದಲ್ಲೆಲ್ಲ ಹಬ್ಬಿದ್ದ ಕಾಲದಲ್ಲಿ ಫ್ರೆಡ್ ಮಾರಿಸನ್ ಎಂಬಾತನು ಪ್ಲಾಸ್ಟಿಕ್ಕಿನ ಆಟದ ತಟ್ಟೆಯನ್ನು ರೂಪಿಸಿದನು. ೧೯೫೭ರಲ್ಲಿ ಒಂದು ಕಂಪನಿ ಅದನ್ನು ಮಾರಾಟಕ್ಕೆ ತಂದಿತು, ಬಳಿಕ ಅದೇ ಫ್ರಿಸ್ಬಿ ಎಂದು ಹೆಸರಾಯಿತು. ಎಡ್ ಹೆಡ್ರಿಕ್ ಎಂಬ ಇನ್ನೊಬ್ಬನು ೧೯೭೫ರಲ್ಲಿ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ, ಓಕ್ ಮರಗಳ ನಡುವೆಯೇ, ಈ ಆಟಕ್ಕೆ ಮೊದಲ ಶಾಶ್ವತ ಅಂಕಣವನ್ನು ಹಾಕಿಸಿದನು. ಆಗ ಗುರಿಗಳೆಂದರೆ ಬರಿಯ ಕಂಬಗಳು. ಬಿಲ್ಲೆ ಕಂಬವನ್ನು ತಾಗಿತೋ ಇಲ್ಲವೋ ಎಂಬ ಜಗಳಗಳಿಂದ ಬೇಸತ್ತು ಅವನು ಸರಪಳಿಗಳ ಬುಟ್ಟಿಯನ್ನು ಕಂಡುಹಿಡಿದನು. ೧೯೭೭ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ನೇರವಾಗಿ ಬಂದ ಬಿಲ್ಲೆಯ ವೇಗವನ್ನು ತೂಗುವ ಕೊಂಡಿಗಳು ತಾವು ಅಲುಗಾಡಿ ಹೀರಿಕೊಳ್ಳುತ್ತವೆ. ಬಿಲ್ಲೆ ಸೋತು ಕೆಳಗಿನ ಬುಟ್ಟಿಗೆ ಬೀಳುತ್ತದೆ. ಈ ಮನುಷ್ಯನು ೨೦೦೨ರಲ್ಲಿ ತೀರಿಕೊಂಡಾಗ, ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಬೆರೆಸಿ ಬಿಲ್ಲೆಗಳನ್ನು ಅಚ್ಚುಹಾಕಿದರಂತೆ! ಈಗ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಅಂಕಣಗಳಿವೆ. ಅವುಗಳಲ್ಲಿ ಅನೇಕವು ಊರಿನ ಉದ್ಯಾನಗಳಲ್ಲಿಯೇ ಇವೆ.

ಬಿಲ್ಲೆ ಗಾಳಿಯಲ್ಲಿ ನಡೆಯುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಏಕೆಂದರೆ ಕಾಡಿನೊಳಗಿನ ಆಟದ ಸ್ವಾರಸ್ಯವೆಲ್ಲ ಅದರಲ್ಲಿದೆ. ಮುಂದಕ್ಕೆ ಸಾಗುವ ಬಿಲ್ಲೆ ವಿಮಾನದ ರೆಕ್ಕೆಯಂತೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಅದರ ಪ್ರತಿಕ್ರಿಯೆಯಾಗಿ ಗಾಳಿಯು ಬಿಲ್ಲೆಯನ್ನು ಮೇಲಕ್ಕೆ ಎತ್ತಿಹಿಡಿಯುತ್ತದೆ. ಆದರೆ ಈ ಮೇಲೊತ್ತು ಬಿಲ್ಲೆಯ ನಟ್ಟನಡುವೆ ಬೀಳುವುದಿಲ್ಲ. ವೇಗ ಹೆಚ್ಚಿರುವಾಗ ನಡುವಿಗಿಂತ ತುಸು ಹಿಂದೆಯೂ, ವೇಗ ಕುಂದಿ ಬಿಲ್ಲೆ ಇಳಿಯತೊಡಗಿದಾಗ ನಡುವಿಗಿಂತ ಮುಂದೆಯೂ ಬೀಳುತ್ತದೆ. ತಿರುಗದೆ ಇದ್ದ ಬಿಲ್ಲೆಯಾದರೆ ಇಷ್ಟಕ್ಕೇ ಮಗುಚಿ ಬೀಳುತ್ತಿತ್ತು. ತಿರುಗುವ ಬಿಲ್ಲೆ ಹಾಗೆ ಬೀಳುವುದಿಲ್ಲ. ಬುಗುರಿ ಆಡಿದವರಿಗೆ ಇದರ ಗುಟ್ಟು ತಿಳಿದೇ ಇದೆ: ವಾಲಿದ ಬುಗುರಿ ವಾಲಿದ ಕಡೆಗೆ ಬೀಳದೆ ಅಡ್ಡಕ್ಕೆ ಹೊರಳುತ್ತ ಸುತ್ತುಹಾಕುತ್ತದೆ. ಬಿಲ್ಲೆಯೂ ಅಷ್ಟೆ, ಮೂತಿಯನ್ನು ಮೇಲಕ್ಕೋ ಕೆಳಕ್ಕೋ ತಿರುಗಿಸುವ ಒತ್ತಡ ಬಂದರೆ ಅದು ಪಕ್ಕಕ್ಕೆ ವಾಲುತ್ತದೆ. ಬಲಗೈಯವನು ಎದೆಯ ಅಡ್ಡಕ್ಕೆ ಕೈಬೀಸಿ ಎಸೆದ ಬಿಲ್ಲೆ, ಅದರ ಅಂಚಿನ ಆಕಾರಕ್ಕೆ ತಕ್ಕಂತೆ, ಮೊದಲು ತುಸು ಬಲಕ್ಕೆ ಸರಿದು, ಕಡೆಗೆ ವೇಗ ಕುಂದಿದಾಗ ಎಡಕ್ಕೆ ಬಾಗಿ ಇಳಿಯುತ್ತದೆ. ಎಡಗೈಯವನದು ಇದಕ್ಕೆ ವಿರುದ್ಧ. ಹಾವಿನ ನಡಗೆಯಂತಹ ಈ ದಾರಿಯನ್ನು ಮರಗಳ ನಡುವಣ ಸಂದಿಗೆ ಹೊಂದಿಸುವುದೇ ಆಟ.

ಮರಗಳು ಎಷ್ಟರಮಟ್ಟಿಗೆ ಅಡ್ಡಿಯಾಗುತ್ತವೆ? ಇದನ್ನು ಲೆಕ್ಕಹಾಕಬಹುದು. ಅನಿಲದ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುನ್ನ ಸರಾಸರಿ ಎಷ್ಟು ದೂರ ಹೋಗುತ್ತದೆಂಬುದನ್ನು ಜರ್ಮನಿಯ ಕ್ಲಾಸಿಯಸ್ ೧೮೫೮ರಲ್ಲಿ ವಿವರಿಸಿದನು. ಅದೇ ತರ್ಕ ನಮ್ಮ ತೋಟಕ್ಕೂ ಸಲ್ಲುತ್ತದೆ. ಪ್ರತಿಯೊಂದು ಮರದ ಪಾಲಿಗೆ ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ನೆಲ, ಎಂದರೆ ೩೬ ಚದರ ಮೀಟರ್ ಬರುತ್ತದೆಂದೂ, ಮರಗಳು ಸಾಲುಹಿಡಿಯದೆ ಚೆದರಿದಂತೆ ನಿಂತಿವೆಯೆಂದೂ ಭಾವಿಸೋಣ. ಕಾಂಡದ ಅಡ್ಡಗಲ ೩೦ ಸೆಂಟಿಮೀಟರ್, ಬಿಲ್ಲೆಯದು ೨೧. ಎರಡೂ ಸೇರಿ ೫೧ ಸೆಂಟಿಮೀಟರ್. ೩೬ನ್ನು ೦.೫೧ರಿಂದ ಭಾಗಿಸಿದರೆ ಸುಮಾರು ೭೦ ಬರುತ್ತದೆ. ಕಣ್ಣು ಮುಚ್ಚಿ ನೆಟ್ಟಗೆ ಎಸೆದ ಬಿಲ್ಲೆ ಮರಕ್ಕೆ ತಾಗುವ ಮೊದಲು ಸರಾಸರಿ ಎಪ್ಪತ್ತು ಮೀಟರ್ ಹಾರುತ್ತದೆಂದು ಇದರ ಅರ್ಥ. ಅರವತ್ತು ಮೀಟರನ್ನು ತಾಗದೆ ದಾಟುವುದು ನೂರಕ್ಕೆ ಸುಮಾರು ೪೩ ಎಸೆತಗಳು ಮಾತ್ರ. ಮರಗಳು ಇನ್ನೂ ಒತ್ತಾಗಿದ್ದು, ಒಂದೊಂದರ ಪಾಲಿಗೆ ೧೬ ಚದರ ಮೀಟರ್ ಮಾತ್ರ ಬಂದರೆ, ನೂರಕ್ಕೆ ೧೫. ಕೊಂಬೆಗಳನ್ನು ನಾವು ಈ ಲೆಕ್ಕದಲ್ಲಿ ಹಿಡಿದೇ ಇಲ್ಲ!

ಈಗ ಮೊದಲನೆಯ ತೋಟದ ಮರಗಳಲ್ಲಿ ಅರ್ಧವನ್ನು ಕಡಿದುಹಾಕಿದೆವೆಂದು ಊಹಿಸಿಕೊಳ್ಳಿ. ಕುರುಡು ಎಸೆತಗಳು ಪಾರಾಗುವ ಪ್ರಮಾಣ ನೂರಕ್ಕೆ ೬೫ಕ್ಕೆ ಏರುತ್ತದೆ. ಆಟ ಸುಲಭವಾಯಿತು, ಸಪ್ಪೆಯೂ ಆಯಿತು. ಅನುಭವಿಗೂ ಹೊಸಬನಿಗೂ ಇರುವ ಅಂತರ ಕುಗ್ಗಿ, ತೋಳಿನ ಬಲವೊಂದೇ ನಿರ್ಣಾಯಕವಾಗತೊಡಗಿತು. ನಮ್ಮ ಅಭಿಪ್ರಾಯಕ್ಕೆ ಆಧಾರ ಇದೇ. ಕಾಡಿನ ಅಂಕಣದಲ್ಲಿ ಆಟದ ಕಾಠಿನ್ಯವನ್ನೂ ಅದರ ರುಚಿಯನ್ನೂ ಮರಗಳೇ ಒದಗಿಸುವುದರಿಂದ, ಆಡುವವರಿಗೆ ಮರ ನಿಂತಿರುವುದರಲ್ಲಿಯೇ ಸ್ವಾರ್ಥವುಂಟು. ಉಪದೇಶದಿಂದ ಹುಟ್ಟುವ ವೃಕ್ಷಪ್ರೇಮಕ್ಕಿಂತ ಸ್ವಾರ್ಥದಿಂದ ಹುಟ್ಟುವ ವೃಕ್ಷಪ್ರೇಮವನ್ನು ನಾವು ಹೆಚ್ಚು ನಂಬುತ್ತೇವೆ. ಗಾಲ್ಫಿನ ಹುಲ್ಲುಹಾಸಿಗೆ ಬೇಕಾಗುವ ನೀರು, ಗೊಬ್ಬರ, ನೂರಾರು ಎಕರೆ ನೆಲ ಯಾವುದೂ ಇದಕ್ಕೆ ಬೇಡ. ಒಂಬತ್ತು ಬುಟ್ಟಿಗಳ ಅಂಕಣಕ್ಕೆ ಹತ್ತು ಎಕರೆಯಷ್ಟು ಮರಗಾಡು ಸಾಕಾದೀತು; ನೆಲ ಏರುತಗ್ಗಾಗಿದ್ದಷ್ಟೂ ಒಳ್ಳೆಯದು. ಮಲೆನಾಡಿನಲ್ಲಿ ಏರುತಗ್ಗಿಗೆ ಎಂದೂ ಬರವಿಲ್ಲ.

ಹಾಗೆಂದು ಈ ಆಟ ಮರಗಳಿಗೆ ಏನೂ ಕೇಡು ಮಾಡದೆಂದು ಹೇಳಿದರೆ ಅದು ಸುಳ್ಳಾದೀತು. ೧೭೫ ಗ್ರಾಂ ತೂಕದ ಬಿಲ್ಲೆ ಸೆಕೆಂಡಿಗೆ ೨೫ ಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ ಸುಮಾರು ೫೫ ಜೌಲ್; ಐದೂವರೆ ಕಿಲೋಗ್ರಾಂ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ. ಆ ಶಕ್ತಿಯೆಲ್ಲ ಕಿರಿದಾದ ಅಂಚಿನ ಮೂಲಕ ತೊಗಟೆಯ ಮೇಲೆ ಬೀಳುತ್ತದೆ. ತೊಗಟೆಯ ಒಳಗೇ ಅಂಟಿಕೊಂಡಂತೆ, ಎಲೆಗಳಲ್ಲಿ ತಯಾರಾದ ಆಹಾರವನ್ನು ಬೇರಿಗೊಯ್ಯುವ ಪದರವೂ ಹೊಸ ಜೀವಕೋಶಗಳನ್ನು ಹುಟ್ಟಿಸುವ ಪದರವೂ ಇವೆ. ಹಳೆಯ ಹಲಸಿನ ದಪ್ಪ ತೊಗಟೆ ಒಂದೆರಡು ಪೆಟ್ಟು ತಾಳೀತು. ಎಳೆಯ ಸಸಿಯಾಗಲಿ ತೆಳುತೊಗಟೆಯ ಹಾಲುವಾಣವಾಗಲಿ ದಿನವೂ ಪೆಟ್ಟು ತಿಂದರೆ ಗಾಯದ ಮೂಲಕ ಶಿಲೀಂಧ್ರ ಹೊಗುವುದು ಖಂಡಿತ. ಇದಕ್ಕಿಂತ ಕಣ್ಣಿಗೆ ಬೀಳದ ಕೇಡು ನೆಲದ್ದು. ಎಸೆಯುವ ಜಾಗದಲ್ಲೂ ಬುಟ್ಟಿಯ ಸುತ್ತಲೂ ಜನ ತುಳಿದು ತುಳಿದು ಮಣ್ಣು ಗಟ್ಟಿಯಾಗುತ್ತದೆ; ಮಣ್ಣಿನ ಸಣ್ಣ ಕಂಡಿಗಳು ಮುಚ್ಚಿ, ಬೇರಿಗೆ ಗಾಳಿಯೂ ನೀರೂ ಸಾಲದಾಗುತ್ತವೆ; ಇಳಿಜಾರಿನಲ್ಲಿ ಮಳೆನೀರು ಇಂಗದೆ ಮೇಲ್ಮಣ್ಣನ್ನು ಹೊತ್ತುಕೊಂಡು ಓಡುತ್ತದೆ. ಅಮೆರಿಕದ ಉದ್ಯಾನಗಳಲ್ಲಿ ಈ ವಿಷಯವಾಗಿ ದೂರುಗಳೂ ಪರಿಶೀಲನೆಗಳೂ ನಡೆದಿವೆ. ಬುಟ್ಟಿಗಳ ಸ್ಥಾನವನ್ನು ಆಗಾಗ ಬದಲಿಸುವುದು, ತುಳಿತದ ನೆಲಕ್ಕೆ ತರಗೆಲೆಯನ್ನೋ ಮರದ ಸಿಪ್ಪೆಯನ್ನೋ ದಪ್ಪನಾಗಿ ಹಾಸುವುದು, ಬುಟ್ಟಿಯ ಸಮೀಪದ ಮರಗಳಿಗೆ ಹಗ್ಗ ಸುತ್ತುವುದು, ಇವು ಪರಿಹಾರಗಳು. ನಮ್ಮಲ್ಲಾದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಅಂಕಣವನ್ನು ಮುಚ್ಚಲೇಬೇಕು. ಮುಚ್ಚದಿದ್ದರೂ ಆಡುವವರನ್ನು ಇಂಬಳಗಳು ಓಡಿಸುತ್ತವೆ.

ಇನ್ನೊಂದು ಮಾತನ್ನು ಮರೆಮಾಚುವಂತಿಲ್ಲ. ಅರೇಹಳ್ಳಿ, ಬಿಕ್ಕೋಡಿನ ಕಡೆಯ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ. ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ತೋಟದ ಕೂಲಿಗಾರರು ಬೆಳಗಿನ ಹೊತ್ತು ಕೆಲಸಕ್ಕೆ ನಡೆದುಹೋಗುತ್ತಿದ್ದಾಗ ಆನೆಗೆ ಸಿಕ್ಕಿ ಪ್ರಾಣ ತೆತ್ತಿದ್ದಾರೆ. ನಾವು ಆಡಿದ ದಿನ ಕೂಡ ತೋಟದ ರೈಟರು ಹಿಂದಿನ ರಾತ್ರಿ ಆನೆ ಎತ್ತ ಹೋಯಿತೆಂಬುದನ್ನು ವಿಚಾರಿಸಿ ಬಂದ ಮೇಲೆಯೇ ನಾವು ಒಳಗೆ ಕಾಲಿಟ್ಟದ್ದು. ಹೀಗಿರುವಾಗ ಮಕ್ಕಳನ್ನು ಕಾಡಂಚಿನ ತೋಟಗಳಲ್ಲಿ ಬಿಲ್ಲೆ ಹುಡುಕಲು ಕಳಿಸಿರೆಂದು ಹೇಳಲು ನಮಗೆ ಬಾಯಿ ಬಾರದು. ತೋಟವು ನಮಗೆ ಆಟವನ್ನು ತೋರಿಸಿಕೊಟ್ಟಿತು. ಆಡುವ ಜಾಗ ಅದಲ್ಲ.

ಜಾಗವಿರುವುದು ಊರಿನ ಮಗ್ಗುಲಿನ ಸಾರ್ವಜನಿಕ ವೃಕ್ಷೋದ್ಯಾನಗಳಲ್ಲಿ. ಅರಣ್ಯ ಇಲಾಖೆಯು ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ನಾಡಿನ ಅನೇಕ ತಾಲ್ಲೂಕುಗಳಲ್ಲಿ ಇಂತಹ ಉದ್ಯಾನಗಳನ್ನು ಮಾಡಿದೆ. ಹಾಸನದ ಬಳಿ ಗೆಂಡೆಕಟ್ಟೆಯ ವನಧಾಮವಿದೆ. ಇಂತಹ ಕಡೆ ಚಿಕ್ಕ ಮಕ್ಕಳಿಗೆ ಜೋಕಾಲಿ ಇರುತ್ತದೆ, ಹಿರಿಯರಿಗೆ ನಡೆಯುವ ದಾರಿಯೂ ಕಲ್ಲುಬೆಂಚೂ ಇರುತ್ತವೆ. ಹದಿನೈದು ವರ್ಷದ ಹುಡುಗನಿಗೂ ಹುಡುಗಿಗೂ ಏನಿದೆ? ಉದ್ಯಾನಗಳಲ್ಲಿ ನಾವು ಕಂಡಿರುವ ಹಲಗೆಗಳಲ್ಲಿ ಅವರಿಗಾಗಿ ಬರೆದಿರುವುದು ಒಂದೇ ಮಾತು: ಆಟವಾಡಬಾರದು. ಅವರು ಮರದ ಕೆಳಗೆ ಕುಳಿತು ಮೊಬೈಲ್ ನೋಡಿದರೆ ನಾವು ಗೊಣಗುತ್ತೇವೆ. ಎದ್ದು ಓಡಿದರೆ ಕಾವಲುಗಾರನು ಸೀಟಿ ಊದುತ್ತಾನೆ.

ವಿದೇಶದ ಆಟ ನಮಗೇಕೆ, ಲಗೋರಿಯಿಲ್ಲವೆ, ಚಿನ್ನಿದಾಂಡಿಲ್ಲವೆ ಎಂದು ಕೇಳುವವರಿದ್ದಾರೆ. ಅವೂ ಇರಲಿ, ಚಿನ್ನಿದಾಂಡನ್ನು ಮರಗಳ ನಡುವೆ ಆಡಿ ನೋಡಿದವರು ಮತ್ತೆ ಈ ಪ್ರಶ್ನೆ ಕೇಳಲಾರರು. ಬಿಲ್ಲೆಯ ಕ್ರೀಡೆಯಂತೂ ನಮ್ಮ ರಾಜ್ಯಕ್ಕೆ ತೀರ ಅಪರಿಚಿತವಲ್ಲ; ಅಲ್ಟಿಮೇಟ್ ಎಂಬ ತಂಡದಾಟ ಬೆಂಗಳೂರಿನಲ್ಲಿ ಬೇರೂರಿದೆ, ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಕೂಡಿ ಅದನ್ನು ಆಡುತ್ತಾರೆ. ಆದರೆ ಅದಕ್ಕೆ ಬಯಲು ಬೇಕು.

ನಾವು ಕೇಳುವುದು ಹೆಚ್ಚಿನದೇನಲ್ಲ. ಹಾಸನ ಜಿಲ್ಲೆಯ ಯಾವುದಾದರೂ ಒಂದು ವೃಕ್ಷೋದ್ಯಾನದಲ್ಲಿ, ಆನೆಯ ದಾರಿಯಿಂದ ದೂರವಾಗಿ, ನಡಿಗೆಯವರ ದಾರಿಗೆ ಅಡ್ಡಬಾರದ ಮೂಲೆಯಲ್ಲಿ, ಒಂದು ಮರವನ್ನೂ ಮುಟ್ಟದೆ ಒಂಬತ್ತು ಬುಟ್ಟಿಗಳನ್ನು ನಿಲ್ಲಿಸಲಿ. ಕೊಳವೆ, ಕಂಬಿ, ಸರಪಳಿಗಳನ್ನು ಕೊಟ್ಟರೆ ಬೇಲೂರಿನ ಯಾವ ವೆಲ್ಡಿಂಗ್ ಅಂಗಡಿಯವನಾದರೂ ಅವನ್ನು ಮಾಡಿಕೊಟ್ಟಾನು. ಬಿಲ್ಲೆಗಳನ್ನು ಕಾವಲುಗಾರನ ಕೋಣೆಯಲ್ಲಿಟ್ಟು, ಬಂದವರಿಗೆ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಲಿ. ಪ್ಲಾಸ್ಟಿಕ್ ಕಾಡಿನಲ್ಲಿ ಉಳಿಯುವುದು ಹಾಗಾದರೆ ತಪ್ಪುತ್ತದೆ. ಮೊದಲ ದಿನವೇ ಅಂಕಣದ ಒಂದೊಂದು ಮರಕ್ಕೂ ನಂಬರು ಹಾಕಿ, ತೊಗಟೆಯ ಸ್ಥಿತಿಯನ್ನೂ ಬುಡದ ಮಣ್ಣಿನ ಗಡಸನ್ನೂ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಬರೆದಿಡಲಿ. ಎರಡು ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದು ನೋಡಲಿ. ಮರಗಳು ಸೊರಗಿದ್ದರೆ ಬುಟ್ಟಿಗಳನ್ನು ಒಂದು ಮಧ್ಯಾಹ್ನದಲ್ಲಿ ಕಿತ್ತು ಗುಜರಿಗೆ ಹಾಕಬಹುದು. ಮೈದಾನಕ್ಕಾಗಿ ಒಮ್ಮೆ ಕಡಿದ ಮರವನ್ನು ಹಾಗೆ ಮತ್ತೆ ನಿಲ್ಲಿಸಲಾಗುವುದಿಲ್ಲ.

ಅಂದು ತಂದ ಮೂರು ಬಿಲ್ಲೆಗಳಲ್ಲಿ ಕೆಂಪಿನದು ಹಲಸಿನ ಕವಲಿನಲ್ಲಿ ಸಿಕ್ಕಿಕೊಂಡು ಇನ್ನೂ ಅಲ್ಲಿಯೇ ಇದೆ. ಹಣ್ಣು ಇಳಿಸುವ ಕಾಲಕ್ಕೆ ಮರ ಹತ್ತುವವರು ಅದನ್ನೂ ಇಳಿಸಿಕೊಡುವುದಾಗಿ ಹೇಳಿದ್ದಾರೆ.